ವಿದ್ವಾಂಸನ ಹಿಡುವಳಿ

‘ಮಗನಿಗೆ ಟೆನ್ಯೂರ್ ಸಿಕ್ಕಿತಂತೆ’ ಎಂಬ ಮಾತು ಈಗ ನಮ್ಮ ಸಣ್ಣ ಊರುಗಳಲ್ಲೂ ಕೇಳಿಬರುತ್ತದೆ. ಅಮೆರಿಕದ ಯಾವುದೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿರುವ ಮಗನೋ ಮಗಳೋ ಫೋನಿನಲ್ಲಿ ಸುದ್ದಿ ಮುಟ್ಟಿಸಿರುತ್ತಾರೆ. ಮನೆಯವರು ಸಂತೋಷದಿಂದ ಸಿಹಿ ಹಂಚುತ್ತಾರೆ. ಆದರೆ ‘ಹಾಗೆಂದರೇನು?’ ಎಂದು ನೆರೆಯವರು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. ‘ಕೆಲಸ ಪರ್ಮನೆಂಟ್ ಆಯಿತು’ ಎಂದು ಹೇಳಿ ಮಾತು ಮುಗಿಸುವವರೇ ಹೆಚ್ಚು.

ಗೊಂದಲಕ್ಕೆ ಕಾರಣವೂ ಉಂಟು. ನಮ್ಮ ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ ಟೆನ್ಯೂರ್ ಎಂದರೆ ಅಧಿಕಾರಾವಧಿ. ‘ಕುಲಪತಿಗಳ ಟೆನ್ಯೂರ್ ಮುಗಿಯಿತು’ ಎನ್ನುತ್ತೇವೆ. ಅಂದರೆ ಅದಕ್ಕೊಂದು ಕೊನೆ ಇದೆ. ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಇದೇ ಪದಕ್ಕೆ ತದ್ವಿರುದ್ಧವಾದ ಅರ್ಥ: ಅವಧಿಯನ್ನೇ ಗೊತ್ತುಮಾಡದ ನೇಮಕ. ಒಂದೇ ಪದ ಒಂದು ಕಡೆ ಕೊನೆಯನ್ನೂ ಮತ್ತೊಂದು ಕಡೆ ಕೊನೆಯಿಲ್ಲದಿರುವುದನ್ನೂ ಹೇಳುತ್ತದೆ!

ಪದದ ಬೇರು ಹುಡುಕಿದರೆ ಗಂಟು ಸಡಿಲವಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ತೆನೆರೆ’ ಎಂದರೆ ಹಿಡಿ, ಹಿಡಿದುಕೊ. ಅದರಿಂದ ಬಂದ ಟೆನ್ಯೂರ್ ಮೊದಲು ಜಮೀನಿಗೆ ಸಂಬಂಧಿಸಿದ ಪದವಾಗಿತ್ತು. ಯಾರು, ಯಾವ ಷರತ್ತಿನ ಮೇಲೆ ಭೂಮಿಯನ್ನು ಹಿಡಿದಿದ್ದಾರೆ ಎಂಬುದನ್ನು ಅದು ಹೇಳುತ್ತಿತ್ತು. ನಮ್ಮ ಕನ್ನಡದ ‘ಹಿಡುವಳಿ’ಯೂ ‘ಹಿಡಿ’ ಎಂಬ ಧಾತುವಿನಿಂದಲೇ ಬಂದದ್ದು. ಆದ್ದರಿಂದ ಟೆನ್ಯೂರ್ ಅನ್ನು ಕನ್ನಡದಲ್ಲಿ ವಿದ್ವಾಂಸನ ಹಿಡುವಳಿ ಎಂದು ಕರೆದರೆ ತಪ್ಪಾಗಲಾರದು.

ಹಿಡುವಳಿ ಎಂದೊಡನೆ ನಮ್ಮ ರೈತರಿಗೆ ಅರ್ಥವಾಗುವ ಸಂಗತಿಯೊಂದುಂಟು. ವರ್ಷ ವರ್ಷ ಗೇಣಿಗೆ ಜಮೀನು ಮಾಡುವವನು ರಾಗಿ ಬಿತ್ತುತ್ತಾನೆ, ಹುರುಳಿ ಚೆಲ್ಲುತ್ತಾನೆ. ತೆಂಗಿನ ಸಸಿ ನೆಡುವುದಿಲ್ಲ. ಫಲ ಬರುವ ಹೊತ್ತಿಗೆ ಒಡೆಯ ಬಿಡಿಸಿದರೆ? 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು. ಗೇಣಿದಾರನಿಗೆ ನೆಲ ತನ್ನದಾದ ಮೇಲೆ ಹತ್ತಾರು ವರ್ಷದ ಫಸಲಿನ ಕಡೆ ನೋಡುವ ಧೈರ್ಯ ಬಂತು. ವಿದ್ಯೆಯ ಹೊಲದಲ್ಲೂ ಹೀಗೆಯೇ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯದಲ್ಲಿರುವವನು ಬೇಗ ಕೊಯ್ಯುವ ಬೆಳೆಯನ್ನೇ ಬಿತ್ತುತ್ತಾನೆ. ಒಡೆಯನಿಗೆ ಹಿಡಿಸದ ಮಾತನ್ನು ಆಡುವುದಿಲ್ಲ. ಈ ಎರಡು ಅಂಜಿಕೆಗಳನ್ನು ತೆಗೆಯುವುದಕ್ಕಾಗಿ ಹುಟ್ಟಿದ್ದು ಟೆನ್ಯೂರ್.

ಗೆಲಿಲಿಯೊ ಬಿಟ್ಟುಬಂದ ಕುರ್ಚಿ

ಪದ ಅಮೆರಿಕದ್ದಾದರೂ ವಿಚಾರ ಹಳೆಯದು. ನಾವು ವಿಜ್ಞಾನದ ಮೇಷ್ಟ್ರುಗಳು ತರಗತಿಯಲ್ಲಿ ಗೆಲಿಲಿಯೊ ಕಥೆಯನ್ನು ಮತ್ತೆ ಮತ್ತೆ ಹೇಳುತ್ತೇವೆ. ದೂರದರ್ಶಕ, ಗುರುವಿನ ಉಪಗ್ರಹಗಳು, ವಿಚಾರಣೆ, ಗೃಹಬಂಧನ ಎಲ್ಲ ಬರುತ್ತದೆ. ನಡುವಿನ ಒಂದು ಘಟನೆ ಮಾತ್ರ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಗೆಲಿಲಿಯೊ 1592ರಿಂದ ಪಡುವಾ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ. ಪಡುವಾ ಆಗ ವೆನಿಸ್ ಗಣರಾಜ್ಯಕ್ಕೆ ಸೇರಿತ್ತು. 1609ರ ಆಗಸ್ಟ್‌ನಲ್ಲಿ ಆತ ತನ್ನ ದೂರದರ್ಶಕವನ್ನು ವೆನಿಸ್ಸಿನ ಗಂಟೆಗೋಪುರದ ಮೇಲೆ ನಿಲ್ಲಿಸಿ, ದೂರದ ಹಡಗುಗಳನ್ನು ಸೆನೆಟರುಗಳಿಗೆ ತೋರಿಸಿದ. ಮೆಚ್ಚಿದ ಸೆನೆಟ್ ಅವನ ಹುದ್ದೆಯನ್ನು ಜೀವನಪರ್ಯಂತ ಖಾಯಂ ಮಾಡಿ ಸಂಬಳವನ್ನು ವರ್ಷಕ್ಕೆ 1000 ಫ್ಲೋರಿನ್‌ಗೆ ಏರಿಸಲು ಮುಂದಾಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಗೆಲಿಲಿಯೊಗೆ ಟೆನ್ಯೂರ್ ಸಿಕ್ಕಿತು!

ಆದರೆ ಮರುವರ್ಷವೇ ಅವನು ಅದನ್ನು ಬಿಟ್ಟು ಫ್ಲಾರೆನ್ಸಿಗೆ ಹೊರಟ. ಅಲ್ಲಿನ ದೊರೆ ಎರಡನೆಯ ಕೊಸಿಮೊ ಮೆಡಿಚಿ ಅವನನ್ನು ಆಸ್ಥಾನದ ಗಣಿತಜ್ಞನಾಗಿ ನೇಮಿಸಿಕೊಂಡಿದ್ದ. ಪಾಠ ಮಾಡುವ ಹೊರೆ ಇರಲಿಲ್ಲ, ಗೌರವ ದೊಡ್ಡದು. ಆದರೆ ಆಸ್ಥಾನದ ಹುದ್ದೆ ದೊರೆಯ ಕೃಪೆಯ ಮೇಲೆ ನಿಂತದ್ದು. 1632ರಲ್ಲಿ ರೋಮಿನ ಧರ್ಮ ನ್ಯಾಯಾಲಯ ವಿಚಾರಣೆಗೆ ಕರೆದಾಗ ಆಗಿನ ದೊರೆಗೆ ಅವನನ್ನು ತಡೆದು ನಿಲ್ಲಿಸಿಕೊಳ್ಳಲು ಸಾಧ್ಯವಾಗಲಿಲ್ಲ. 1642ರಲ್ಲಿ ಸಾಯುವವರೆಗೂ ಗೆಲಿಲಿಯೊ ಗೃಹಬಂಧನದಲ್ಲೇ ಉಳಿದ.

ಪಡುವಾದಲ್ಲಿ ಉಳಿದಿದ್ದರೆ ಏನಾಗುತ್ತಿತ್ತು? ಖಚಿತವಾಗಿ ಹೇಳಲಾಗದು. ಆದರೆ ಅದೇ ಪಡುವಾದಲ್ಲಿ ಕ್ರೆಮೊನಿನಿ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕನಿದ್ದ. ದೂರದರ್ಶಕದಲ್ಲಿ ಇಣುಕಲು ಒಪ್ಪದ ಅರಿಸ್ಟಾಟಲ್‌ವಾದಿ ಎಂದು ಹೆಸರಾದವನು. ಅವನ ಬೋಧನೆಗಳ ಮೇಲೂ ಧರ್ಮ ನ್ಯಾಯಾಲಯದ ಕಣ್ಣು ಬಿದ್ದಿತ್ತು. ಆದರೂ ವೆನಿಸ್ ತನ್ನ ಪ್ರಾಧ್ಯಾಪಕನನ್ನು ಬಿಟ್ಟುಕೊಡಲಿಲ್ಲ. 1631ರಲ್ಲಿ ಸಾಯುವ ತನಕವೂ ಅವನು ನೆಮ್ಮದಿಯಾಗಿದ್ದ. ಆಕಾಶದ ವಿಷಯದಲ್ಲಿ ಸರಿಯಾಗಿದ್ದವನು ರಕ್ಷಣೆಯ ಬೇಲಿ ದಾಟಿ ಹೋದ. ತಪ್ಪಾಗಿದ್ದವನು ಬೇಲಿಯೊಳಗೆ ಉಳಿದುಕೊಂಡ. ಯಾರು ಸರಿ, ಯಾರು ತಪ್ಪು ಎಂದು ನೋಡಿ ಬೇಲಿ ಕಾಯುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಸರಿ ಯಾವುದೆಂದು ತಿಳಿಯುವುದಕ್ಕೆ ಮೊದಲೇ ಕೊಡಬೇಕಾದ ರಕ್ಷಣೆ ಅದು.

ವಿಧವೆಯ ಕೋಪ, ಪ್ರಾಧ್ಯಾಪಕರ ಸಂಘ

ಈಗ ಅಮೆರಿಕಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಕೋಟ್ಯಧಿಪತಿಗಳು ತಮ್ಮ ಹಣದಿಂದ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳನ್ನು ಕಟ್ಟಿಸಿದರು. ರೈಲ್ವೆಯಿಂದ ಶ್ರೀಮಂತನಾದ ಲೇಲ್ಯಾಂಡ್ ಸ್ಟ್ಯಾನ್‌ಫರ್ಡ್ ಮತ್ತು ಅವನ ಪತ್ನಿ ಜೇನ್, ತೀರಿಹೋದ ಮಗನ ನೆನಪಿಗೆ ಕಟ್ಟಿಸಿದ ವಿಶ್ವವಿದ್ಯಾಲಯ 1891ರಲ್ಲಿ ಬಾಗಿಲು ತೆರೆಯಿತು. 1893ರಲ್ಲಿ ಗಂಡ ತೀರಿಕೊಂಡ ಮೇಲೆ ಜೇನ್ ಅವರ ಮಾತೇ ಅಲ್ಲಿ ಕಾನೂನು.

ಅಲ್ಲಿ ಎಡ್ವರ್ಡ್ ರಾಸ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕನಿದ್ದ. ನಗರದ ಟ್ರಾಮ್ ಮುಂತಾದ ಸೌಕರ್ಯಗಳು ಸಾರ್ವಜನಿಕರ ಒಡೆತನದಲ್ಲಿರಬೇಕು ಎಂದು ಭಾಷಣ ಮಾಡಿದ. ಏಷ್ಯಾದಿಂದ ಅಗ್ಗದ ಕೂಲಿಗಳನ್ನು ಕರೆತರುವುದನ್ನೂ ವಿರೋಧಿಸಿದ. ಮೊದಲನೆಯದು ಜನಪರ ಮಾತು ಎನ್ನಬಹುದು. ಎರಡನೆಯದರಲ್ಲಿ ಜನಾಂಗ ದ್ವೇಷದ ವಾಸನೆ ಇತ್ತು. ಎರಡೂ ರೈಲ್ವೆ ಸಂಪತ್ತಿಗೆ ಚುಚ್ಚುವಂಥವೇ. ಜೇನ್ ಸ್ಟ್ಯಾನ್‌ಫರ್ಡ್ ಒತ್ತಡ ತಂದರು. 1900ರಲ್ಲಿ ರಾಸ್ ರಾಜೀನಾಮೆ ಕೊಡಬೇಕಾಯಿತು.

ಇದನ್ನು ಪ್ರತಿಭಟಿಸಿ ಇನ್ನೂ ಕೆಲವು ಪ್ರಾಧ್ಯಾಪಕರು ಕೆಲಸ ಬಿಟ್ಟರು. ಅವರಲ್ಲಿ ಆರ್ಥರ್ ಲವ್‌ಜಾಯ್ ಎಂಬ ತರುಣ ತತ್ವಶಾಸ್ತ್ರಜ್ಞನೂ ಒಬ್ಬ. ಹದಿನೈದು ವರ್ಷಗಳ ನಂತರ, 1915ರಲ್ಲಿ, ಆತ ಜಾನ್ ಡ್ಯೂಯಿ ಜೊತೆ ಸೇರಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘವನ್ನು ಸ್ಥಾಪಿಸಿದ. ಡ್ಯೂಯಿ ಎಂದರೆ ನಮ್ಮ ಬಿ.ಎಡ್. ವಿದ್ಯಾರ್ಥಿಗಳೆಲ್ಲ ಹೆಸರು ಕೇಳಿರುವ ಶಿಕ್ಷಣತಜ್ಞ. ಅವರೇ ಸಂಘದ ಮೊದಲ ಅಧ್ಯಕ್ಷರು.

ಸಂಘ ಅದೇ ವರ್ಷ ಹೊರಡಿಸಿದ ಘೋಷಣೆಯಲ್ಲಿ ಒಂದು ಒಳ್ಳೆಯ ಹೋಲಿಕೆ ಇದೆ. ಅಮೆರಿಕದ ಅಧ್ಯಕ್ಷರು ನ್ಯಾಯಾಧೀಶರನ್ನು ನೇಮಿಸುತ್ತಾರೆ. ಹಾಗೆಂದು ತೀರ್ಪು ಹೀಗೇ ಕೊಡಿ ಎಂದು ಹೇಳುವ ಹಕ್ಕು ಅವರಿಗಿಲ್ಲ. ಪ್ರಾಧ್ಯಾಪಕರ ವಿಷಯವೂ ಅಷ್ಟೇ ಎಂಬುದು ಅದರ ಸಾರಾಂಶ. ನಮ್ಮಲ್ಲೂ ಹೈಕೋರ್ಟು, ಸುಪ್ರೀಂ ಕೋರ್ಟು ನ್ಯಾಯಾಧೀಶರನ್ನು ಸಂಸತ್ತಿನ ವಿಶೇಷ ನಡವಳಿಯಿಲ್ಲದೆ ತೆಗೆಯುವಂತಿಲ್ಲ. ಆ ಭದ್ರತೆ ಇರುವುದು ನ್ಯಾಯಾಧೀಶರ ಸುಖಕ್ಕಾಗಿ ಎಂದು ಯಾರೂ ಹೇಳುವುದಿಲ್ಲ. ನ್ಯಾಯ ಕೇಳಿಕೊಂಡು ಕಟಕಟೆಗೆ ಬರುವ ಬಡವನಿಗಾಗಿ ಅದು ಇದೆ. ಹಾಗೆಯೇ ಪ್ರಾಧ್ಯಾಪಕನ ಭದ್ರತೆ ಇರುವುದು ಅವನೆದುರು ಕುಳಿತ ವಿದ್ಯಾರ್ಥಿಗಾಗಿ, ಅವನು ಕಂಡುಹಿಡಿದದ್ದನ್ನು ನಂಬಿ ನಡೆಯುವ ಸಮಾಜಕ್ಕಾಗಿ.

1940ರಲ್ಲಿ ಈ ಸಂಘವೂ ಅಮೆರಿಕದ ಕಾಲೇಜುಗಳ ಒಕ್ಕೂಟವೂ ಕೂಡಿ ಒಂದು ಹೇಳಿಕೆಗೆ ಒಪ್ಪಿದವು. ಇಂದಿಗೂ ಟೆನ್ಯೂರ್ ಪದ್ಧತಿಗೆ ಅದೇ ಬುನಾದಿ. ಪರೀಕ್ಷಾರ್ಥ ಸೇವೆ ಏಳು ವರ್ಷ ಮೀರಬಾರದು. ಆಮೇಲೆ ಸಕಾರಣವಿಲ್ಲದೆ ಅಥವಾ ಸಂಸ್ಥೆಗೆ ನಿಜವಾದ ಆರ್ಥಿಕ ಸಂಕಟ ಬಾರದೆ ಕೆಲಸದಿಂದ ತೆಗೆಯಬಾರದು ಎಂಬುದು ಅದರ ತಿರುಳು. ತನ್ನ ವಿಷಯಕ್ಕೆ ಸಂಬಂಧವಿಲ್ಲದ ವಿವಾದಗಳನ್ನು ತರಗತಿಯೊಳಗೆ ತಂದು ಹಾಕಬಾರದು ಎಂಬ ಎಚ್ಚರಿಕೆಯೂ ಅದರಲ್ಲೇ ಇದೆ. ಹಕ್ಕಿನ ಜೊತೆಗೇ ಕಟ್ಟುಪಾಡೂ ಬಂತು.

ಆರು ವರ್ಷದ ಅಗ್ನಿಪರೀಕ್ಷೆ

ಹಾಗಾದರೆ ಇದು ನಮ್ಮ ಸರ್ಕಾರಿ ನೌಕರಿಯ ಕನ್ಫರ್ಮೇಷನ್ ತರಹವೇ ಎಂದು ಪೋಷಕರು ಕೇಳಬಹುದು. ಮೇಲ್ನೋಟಕ್ಕೆ ಹೌದು, ಒಳಗೆ ಅಲ್ಲ. ನಮ್ಮಲ್ಲಿ ಪ್ರೊಬೇಷನ್ ಅವಧಿಯಲ್ಲಿ ದೂರುಗಳಿಲ್ಲದೆ ಕೆಲಸ ಮಾಡಿದರೆ ಖಾಯಂ ಆಗುವುದು ವಾಡಿಕೆ. ಅಲ್ಲಿ ಹಾಗಿಲ್ಲ.

ಪಿಎಚ್.ಡಿ. ಮುಗಿದು, ಅನೇಕ ವಿಜ್ಞಾನ ವಿಷಯಗಳಲ್ಲಿ ಮತ್ತೆ ಕೆಲವು ವರ್ಷ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನೆ ಮಾಡಿ, ನೂರಾರು ಅರ್ಜಿಗಳ ನಡುವೆ ಗೆದ್ದವನು ಸಹಾಯಕ ಪ್ರಾಧ್ಯಾಪಕನಾಗುತ್ತಾನೆ. ಅಲ್ಲಿಂದ ಗಡಿಯಾರ ಶುರು. ಪ್ರಯೋಗಾಲಯ ಕಟ್ಟಬೇಕು, ಅನುದಾನ ತರಬೇಕು, ಪ್ರಬಂಧ ಪ್ರಕಟಿಸಬೇಕು, ಪಾಠವನ್ನೂ ಮಾಡಬೇಕು. ಸಾಮಾನ್ಯವಾಗಿ ಆರನೆಯ ವರ್ಷ ಅವನ ಕೆಲಸವೆಲ್ಲ ಒಂದು ಕಡತವಾಗುತ್ತದೆ. ಅದು ಬೇರೆ ವಿಶ್ವವಿದ್ಯಾಲಯಗಳ ಅದೇ ವಿಷಯದ ತಜ್ಞರಿಗೆ ಹೋಗುತ್ತದೆ. ‘ಈತನ ಕೆಲಸದಿಂದ ಈ ಶಾಸ್ತ್ರಕ್ಕೆ ಏನು ಸೇರಿತು?’ ಎಂದು ಅವರು ಗುಟ್ಟಾಗಿ ಬರೆದು ಕಳಿಸುತ್ತಾರೆ. ವಿಭಾಗದ ಖಾಯಂ ಪ್ರಾಧ್ಯಾಪಕರು ಮತ ಹಾಕುತ್ತಾರೆ. ಡೀನ್, ಪ್ರೊವೋಸ್ಟ್, ಆಡಳಿತ ಮಂಡಳಿ ಹೀಗೆ ಕಡತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಪಾಸಾದರೆ ಟೆನ್ಯೂರ್. ಇಲ್ಲವಾದರೆ ಇದ್ದ ಕೆಲಸವೂ ಉಳಿಯುವುದಿಲ್ಲ! ಒಂದು ವರ್ಷ ಸಮಯ ಕೊಟ್ಟು ಬೇರೆ ಕಡೆ ನೋಡಿಕೊಳ್ಳಲು ಹೇಳುವುದು ರೂಢಿ. ಅಮೆರಿಕದಲ್ಲಿ ಸಹಾಯಕ ಪ್ರಾಧ್ಯಾಪಕನಾಗಿರುವ ಮಗ ಹಬ್ಬಕ್ಕೆ ಬರಲಿಲ್ಲ, ಮಗಳು ಫೋನಿನಲ್ಲಿ ಎರಡೇ ಮಾತಾಡಿದಳು ಎಂದು ನೊಂದುಕೊಳ್ಳುವ ತಂದೆತಾಯಿ ಈ ಗಡಿಯಾರದ ಸದ್ದನ್ನೂ ಒಮ್ಮೆ ಕೇಳಿಸಿಕೊಳ್ಳಬೇಕು.

ಟೆನ್ಯೂರ್ ಸಿಕ್ಕಮೇಲೆ ಏನು ಮಾಡಿದರೂ ನಡೆಯುತ್ತದೆಯೇ? ಇಲ್ಲ. ಸಂಶೋಧನೆಯಲ್ಲಿ ಕಳ್ಳತನ, ಅಂಕಿಅಂಶ ತಿರುಚುವುದು, ವಿದ್ಯಾರ್ಥಿಗಳ ಮೇಲೆ ದೌರ್ಜನ್ಯ, ಕರ್ತವ್ಯಲೋಪ ಇವೆಲ್ಲ ಸಕಾರಣಗಳೇ. ಆದರೆ ಆರೋಪ ಲಿಖಿತವಾಗಿರಬೇಕು, ವಿಚಾರಣೆ ನಡೆಯಬೇಕು, ಸಹೋದ್ಯೋಗಿಗಳ ಮುಂದೆ ಸಾಬೀತಾಗಬೇಕು. ಯಾರಿಗೋ ಸಿಟ್ಟು ಬಂತೆಂದು ಮರುದಿನ ಬಾಗಿಲು ತೋರಿಸುವಂತಿಲ್ಲ, ಅಷ್ಟೇ.

ತೆಂಗು ನೆಟ್ಟವರು

ಈ ಧೈರ್ಯದಿಂದ ಏನು ಬೆಳೆಯುತ್ತದೆ? ಗಣಿತದಿಂದ ಒಂದು, ಭೌತಶಾಸ್ತ್ರದಿಂದ ಒಂದು ಉದಾಹರಣೆ ನೋಡೋಣ.

ಫರ್ಮಾ 1637ರ ಸುಮಾರಿಗೆ ಪುಸ್ತಕದ ಅಂಚಿನಲ್ಲಿ ಗೀಚಿಟ್ಟ ಪ್ರಮೇಯ ಮೂರೂವರೆ ಶತಮಾನ ಕಾಲ ಗಣಿತಜ್ಞರನ್ನು ಕಾಡಿತ್ತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಂಡ್ರೂ ವೈಲ್ಸ್ 1986ರಲ್ಲಿ ಅದನ್ನು ಕೈಗೆತ್ತಿಕೊಂಡ. ಏಳು ವರ್ಷ ಹೆಚ್ಚುಕಡಿಮೆ ಯಾರಿಗೂ ಹೇಳದೆ ಮನೆಯ ಅಟ್ಟದಲ್ಲಿ ಕುಳಿತು ದುಡಿದ. 1993ರ ಜೂನ್‌ನಲ್ಲಿ ಕೇಂಬ್ರಿಜ್‌ನಲ್ಲಿ ಸಾಧನೆ ಪ್ರಕಟಿಸಿದ. ಆಮೇಲೆ ಅದರಲ್ಲೊಂದು ದೋಷ ಕಾಣಿಸಿತು. ಮತ್ತೊಂದು ವರ್ಷ ಹೆಣಗಿ, ರಿಚರ್ಡ್ ಟೇಲರ್ ನೆರವಿನಿಂದ 1994ರ ಸೆಪ್ಟೆಂಬರ್‌ನಲ್ಲಿ ಸರಿಪಡಿಸಿದ. 1995ರಲ್ಲಿ ಅದು ಅಚ್ಚಾಯಿತು. ಪ್ರತಿವರ್ಷ ‘ಈ ಸಲ ಏನು ಕಡಿದೆ?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟರೆ ಮಾತ್ರ ಸಂಬಳ ಎಂಬ ಸ್ಥಿತಿಯಲ್ಲಿರುವವನು ಇಂಥ ಸಾಹಸಕ್ಕೆ ಇಳಿಯುವುದು ಕಷ್ಟ.

ಪೀಟರ್ ಹಿಗ್ಸ್ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದ್ದವರು. ಅವರು 1964ರಲ್ಲಿ ಊಹಿಸಿದ ಕಣ 2012ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕಿತು. ನಲವತ್ತೆಂಟು ವರ್ಷ! ನಡುವೆ ಅವರು ಪ್ರಕಟಿಸಿದ ಪ್ರಬಂಧಗಳು ಬೆರಳೆಣಿಕೆಯಷ್ಟು. 2013ರಲ್ಲಿ ನೊಬೆಲ್ ಬಂದಾಗ ಅವರು ಪತ್ರಕರ್ತರಿಗೆ ಹೇಳಿದ್ದರ ಅರ್ಥ ಇಷ್ಟು: ಇಂದಿನ ಲೆಕ್ಕಾಚಾರದಲ್ಲಿ ನನ್ನಂಥವನಿಗೆ ವಿಶ್ವವಿದ್ಯಾಲಯದಲ್ಲಿ ಕೆಲಸವೇ ಸಿಗುತ್ತಿರಲಿಲ್ಲ.

ಕಾಗದದ ಬೇಲಿ

ಇಷ್ಟು ಓದಿದವರಿಗೆ ಟೆನ್ಯೂರ್ ಎಂದರೆ ಕಲ್ಲಿನ ಕೋಟೆ ಎನಿಸಬಹುದು. ಚರಿತ್ರೆ ಹಾಗೆ ಹೇಳುವುದಿಲ್ಲ. ಸಮಾಜ ಜೊತೆಗೆ ನಿಲ್ಲದಿದ್ದರೆ ಅದು ಕಾಗದದ ಬೇಲಿ.

ಜರ್ಮನಿಯ ಪ್ರಾಧ್ಯಾಪಕರು ಸರ್ಕಾರಿ ಅಧಿಕಾರಿಗಳಾಗಿದ್ದು, ಜೀವನಪರ್ಯಂತ ಹುದ್ದೆಯ ಭದ್ರತೆ ಪಡೆದವರಾಗಿದ್ದರು. 1933ರ ಏಪ್ರಿಲ್ 7ರಂದು ಹಿಟ್ಲರನ ಸರ್ಕಾರ ಒಂದು ಕಾನೂನು ಹೊರಡಿಸಿತು. ಯಹೂದಿಗಳನ್ನೂ ರಾಜಕೀಯವಾಗಿ ಬೇಡವಾದವರನ್ನೂ ಹುದ್ದೆಯಿಂದ ತೆಗೆಯಲು ಅದೊಂದೇ ಸಾಕಾಯಿತು. ಗಟಿಂಗೆನ್ನಿನಲ್ಲಿ ಕ್ವಾಂಟಂ ಯಂತ್ರಶಾಸ್ತ್ರಕ್ಕೆ ಅಡಿಪಾಯ ಹಾಕಿದ ಮ್ಯಾಕ್ಸ್ ಬಾರ್ನ್ ಅದೇ ತಿಂಗಳು ಹುದ್ದೆ ಕಳೆದುಕೊಂಡರು.

ಈ ಕಥೆಯ ಒಂದು ಎಳೆ ನಮ್ಮ ಬೆಂಗಳೂರಿನವರೆಗೂ ಬರುತ್ತದೆ. ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಆಶ್ರಯ ಪಡೆದಿದ್ದ ಬಾರ್ನ್ ಅವರನ್ನು, ಆಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಆಹ್ವಾನಿಸಿದರು. ಬಾರ್ನ್ 1935-36ರ ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಕೆಲವು ತಿಂಗಳು ಇದ್ದರು. ಅವರನ್ನು ಇಲ್ಲಿಯೇ ಖಾಯಂ ಆಗಿ ಉಳಿಸಿಕೊಳ್ಳಲು ರಾಮನ್ ಪ್ರಯತ್ನಪಟ್ಟರು. ಆದರೆ ಸಂಸ್ಥೆಯೊಳಗೇ ವಿರೋಧ ಬಂದು ಅದು ಕೈಗೂಡಲಿಲ್ಲ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರಿಗೆ ಪ್ರಾಧ್ಯಾಪಕ ಪೀಠ ಕೊಟ್ಟಿತು. ಮುಂದೆ ಹಿಗ್ಸ್ ಕೆಲಸ ಮಾಡಿದ್ದೂ ಅಲ್ಲಿಯೇ! 1954ರಲ್ಲಿ ಬಾರ್ನ್ ಅವರಿಗೆ ನೊಬೆಲ್ ಬಂತು. ಇತ್ತ ರಾಮನ್ 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಪ್ರಾಧ್ಯಾಪಕರ ಕುರ್ಚಿ ಮಾತ್ರ ಉಳಿಯಿತು. 1948ರವರೆಗೂ ಅವರು ಅದರಲ್ಲಿದ್ದು ಸಂಶೋಧನೆ ನಡೆಸಿದರು. ಆಡಳಿತದ ಕುರ್ಚಿ ಹೋದರೂ ವಿದ್ಯೆಯ ಕುರ್ಚಿ ಉಳಿದರೆ ಎಷ್ಟು ಉಪಯೋಗ ಎಂಬುದಕ್ಕೆ ಇದೊಂದು ನಿದರ್ಶನ.

ಅಮೆರಿಕದಲ್ಲೂ ಬೇಲಿ ಹರಿದದ್ದುಂಟು. ಕಮ್ಯೂನಿಸ್ಟ್ ಭೀತಿಯ ದಿನಗಳು. 1949ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ಅಧ್ಯಾಪಕರೆಲ್ಲ ನಿಷ್ಠೆಯ ಪ್ರತಿಜ್ಞೆಗೆ ಸಹಿ ಹಾಕಬೇಕೆಂದಿತು. 1950ರ ಆಗಸ್ಟ್‌ನಲ್ಲಿ ಸಹಿ ಹಾಕದ 31 ಅಧ್ಯಾಪಕರನ್ನು ಕೆಲಸದಿಂದ ತೆಗೆಯಿತು. ಅವರ ಮುಂದಾಳು ಎಡ್ವರ್ಡ್ ಟೋಲ್ಮನ್. ಇಲಿಗಳನ್ನು ಚಕ್ರವ್ಯೂಹದಲ್ಲಿ ಬಿಟ್ಟು ಕಲಿಕೆಯ ರಹಸ್ಯ ತಿಳಿದ ಮನಶ್ಶಾಸ್ತ್ರಜ್ಞ. ಅವರು ಕಮ್ಯೂನಿಸ್ಟರೇನೂ ಆಗಿರಲಿಲ್ಲ. ಮನಸ್ಸಿನ ಮೇಲೆ ಸಹಿ ಕೇಳಬಾರದು ಎಂಬುದಷ್ಟೇ ಅವರ ಹಟ. ಪ್ರಕರಣ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯದ ಕಾನೂನಿನಲ್ಲಿರುವ ಪ್ರತಿಜ್ಞೆಯ ಮೇಲೆ ವಿಶ್ವವಿದ್ಯಾಲಯ ತನ್ನದೇ ಮತ್ತೊಂದನ್ನು ಹೇರುವಂತಿಲ್ಲ ಎಂದು 1952ರಲ್ಲಿ ತೀರ್ಪಾಗಿ, ಅವರನ್ನು ಮರಳಿ ತೆಗೆದುಕೊಳ್ಳಬೇಕಾಯಿತು. ಹಾಗೆ ಹೊರಹಾಕಿಸಿಕೊಂಡವರಲ್ಲಿ ಒಬ್ಬ ತರುಣ ಭೌತವಿಜ್ಞಾನಿ ಡೇವಿಡ್ ಸ್ಯಾಕ್ಸನ್. 1975ರಲ್ಲಿ ಅವರೇ ಆ ವಿಶ್ವವಿದ್ಯಾಲಯದ ಅಧ್ಯಕ್ಷರಾದರು!

ಬೇಲಿಯ ಹೊರಗೆ ಉಳಿದವರು

ಟೆನ್ಯೂರ್ ವಿರುದ್ಧ ಹೇಳುವವರ ಮಾತನ್ನೂ ಕೇಳಬೇಕು. ಅದರಲ್ಲಿ ನಿಜವಿಲ್ಲದಿಲ್ಲ. ಖಾಯಂ ಆದ ಮೇಲೆ ಪುಸ್ತಕ ಮುಚ್ಚಿಟ್ಟು ಹಳೆಯ ಟಿಪ್ಪಣಿಗಳಲ್ಲೇ ಕಾಲ ತಳ್ಳುವವರು ಯಾವ ದೇಶದಲ್ಲಿಲ್ಲ? ಅಮೆರಿಕದಲ್ಲಿ 1994ರಿಂದ ಪ್ರಾಧ್ಯಾಪಕರಿಗೆ ಕಡ್ಡಾಯ ನಿವೃತ್ತಿಯೂ ಇಲ್ಲ. ಎಪ್ಪತ್ತು ದಾಟಿದವರೂ ಕುರ್ಚಿಯಲ್ಲಿದ್ದರೆ ಕಿರಿಯರಿಗೆ ಜಾಗವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಇನ್ನೂ ದೊಡ್ಡ ಆಕ್ಷೇಪವೆಂದರೆ, ಈ ಬೇಲಿ ಒಳಗಿದ್ದವರನ್ನು ಮಾತ್ರ ಕಾಯುತ್ತದೆ. ಕತಾಲಿನ್ ಕರಿಕೊ ಹಂಗೆರಿಯಿಂದ 1985ರಲ್ಲಿ ಅಮೆರಿಕಕ್ಕೆ ಹೋದ ಜೀವರಸಾಯನ ವಿಜ್ಞಾನಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಆರ್.ಎನ್.ಎ. ಎಂಬ ಅಣುವನ್ನು ಔಷಧಿಯಾಗಿ ಬಳಸುವ ಪ್ರಯತ್ನದಲ್ಲಿದ್ದರು. ಅನುದಾನ ಸಿಗಲಿಲ್ಲ. 1995ರಲ್ಲಿ ಅವರಿಗೆ ಹಿಂಬಡ್ತಿಯಾಯಿತು. ಟೆನ್ಯೂರಿನ ದಾರಿ ಮುಚ್ಚಿತು. ಆದರೂ ಕಡಿಮೆ ಸಂಬಳದಲ್ಲಿ ಪಟ್ಟು ಹಿಡಿದು ದುಡಿದರು. ಸಹೋದ್ಯೋಗಿ ಡ್ರೂ ವೈಸ್‌ಮನ್ ಜೊತೆ 2005ರಲ್ಲಿ ಪ್ರಕಟಿಸಿದ ಸಂಶೋಧನೆ, ಮುಂದೆ ಕೋವಿಡ್ ಲಸಿಕೆಗಳಿಗೆ ಆಧಾರವಾಯಿತು. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕರಿಕೊ ಅವರ ಹಟವನ್ನು ಹೊಗಳುವುದು ಸುಲಭ. ಅಂಥ ಹಟವಿಲ್ಲದೆ ಅರ್ಧದಲ್ಲೇ ಕೈಬಿಟ್ಟವರ ಸಂಶೋಧನೆಗಳನ್ನು ಲೆಕ್ಕ ಇಟ್ಟವರು ಯಾರು?

ಇದಕ್ಕೆ ಪರಿಹಾರ ಬೇಲಿಯನ್ನು ಕೀಳುವುದು ಎಂದು ಕೆಲವರು ತೀರ್ಮಾನಿಸಿದ್ದಾರೆ. ಬ್ರಿಟನ್ 1988ರ ಶಿಕ್ಷಣ ಕಾಯ್ದೆಯ ಮೂಲಕ, 1987ರ ನವೆಂಬರ್ 20ರಿಂದ ಈಚೆಗೆ ನೇಮಕವಾದವರಿಗೆ ಅಥವಾ ಬಡ್ತಿ ಪಡೆದವರಿಗೆ ಹಳೆಯ ಮಾದರಿಯ ಟೆನ್ಯೂರ್ ಇಲ್ಲದಂತೆ ಮಾಡಿತು. ಆದರೆ ಒಪ್ಪಿತ ನಂಬಿಕೆಗಳನ್ನು ಪ್ರಶ್ನಿಸಿದ್ದಕ್ಕೆ ಕೆಲಸ ಹೋಗಬಾರದು ಎಂಬ ಮಾತನ್ನು ಅದೇ ಕಾಯ್ದೆಯಲ್ಲಿ ಉಳಿಸಿಕೊಂಡಿತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಥೆ ಇನ್ನೂ ವಿಚಿತ್ರ. 1894ರಲ್ಲಿ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಲಿ ಮುಷ್ಕರಗಳನ್ನು ಬೆಂಬಲಿಸುತ್ತಾನೆಂದು ದೂರು ಬಂತು. ಆಡಳಿತ ಮಂಡಳಿ ಅವನನ್ನು ದೋಷಮುಕ್ತನೆಂದು ಸಾರಿ, ಕಾಳನ್ನು ಜೊಳ್ಳಿನಿಂದ ಬೇರ್ಪಡಿಸಲು ಕೇರಿ ತೂರುವ ಹಾಗೆ ಸತ್ಯವನ್ನು ಅರಸುವ ಕೆಲಸ ನಿರ್ಭಯವಾಗಿ ನಡೆಯಬೇಕು ಎಂಬರ್ಥದ ಹೇಳಿಕೆ ಕೊಟ್ಟಿತು. ಆ ಹೇಳಿಕೆಯ ಕಂಚಿನ ಫಲಕ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡದಲ್ಲಿದೆ. ಅದೇ ರಾಜ್ಯದ ಶಾಸನಸಭೆ 2015ರಲ್ಲಿ ಟೆನ್ಯೂರ್ ರಕ್ಷಣೆಯನ್ನು ರಾಜ್ಯದ ಕಾನೂನು ಪುಸ್ತಕದಿಂದ ತೆಗೆದುಹಾಕಿ, ಅದನ್ನು ಆಡಳಿತ ಮಂಡಳಿಯ ನಿಯಮಗಳಿಗೆ ಬಿಟ್ಟಿತು.

ಎಲ್ಲಕ್ಕಿಂತ ಹೆಚ್ಚಿನ ಬದಲಾವಣೆ ಗದ್ದಲವಿಲ್ಲದೆ ನಡೆದಿದೆ. ಖಾಯಂ ಪ್ರಾಧ್ಯಾಪಕ ನಿವೃತ್ತನಾದಾಗ ಆ ಜಾಗಕ್ಕೆ ಗುತ್ತಿಗೆಯವರನ್ನು ಹಾಕಿಕೊಳ್ಳುವುದು. ಪ್ರಾಧ್ಯಾಪಕರ ಸಂಘವೇ ಕೊಟ್ಟ ಲೆಕ್ಕದಂತೆ, 1987ರಲ್ಲಿ ಅಮೆರಿಕದ ಅಧ್ಯಾಪಕರಲ್ಲಿ ಸುಮಾರು ಶೇ 39 ಮಂದಿ ಪೂರ್ಣಾವಧಿ ಕೆಲಸದಲ್ಲಿದ್ದು ಟೆನ್ಯೂರ್ ಪಡೆದಿದ್ದರು. 2021ರ ಹೊತ್ತಿಗೆ ಅದು ಶೇ 24ಕ್ಕೆ ಇಳಿದಿತ್ತು. ಟೆನ್ಯೂರ್ ಇಲ್ಲದ, ಅದರ ದಾರಿಯಲ್ಲೂ ಇಲ್ಲದ ತಾತ್ಕಾಲಿಕರು ಶೇ 47ರಿಂದ ಶೇ 68ಕ್ಕೆ ಏರಿದ್ದರು. ಅಂದರೆ ಮೂವರಲ್ಲಿ ಇಬ್ಬರು ವಾರ್ಷಿಕ ಗೇಣಿದಾರರು!

ನಮಗೇನು ಪಾಠ?

ನಮ್ಮಲ್ಲಿ ಟೆನ್ಯೂರ್ ಎಂಬ ಹೆಸರು ಬಳಕೆಯಲ್ಲಿಲ್ಲದಿದ್ದರೂ ಸಮಸ್ಯೆ ಹೊಸದಲ್ಲ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ವರ್ಷದಿಂದ ವರ್ಷಕ್ಕೆ ನೇಮಕದ ಆದೇಶ ಕಾಯುತ್ತ ಪಾಠ ಮಾಡುತ್ತ ಬಂದಿದ್ದಾರೆ. ಅವರಲ್ಲಿ ಒಳ್ಳೆಯ ಮೇಷ್ಟ್ರುಗಳಿಗೆ ಬರವಿಲ್ಲ. ಆದರೆ ಮುಂದಿನ ವರ್ಷದ ಆದೇಶ ಯಾರ ಕೈಯಲ್ಲಿದೆಯೋ ಅವರ ಮುಖ ನೋಡಿಕೊಂಡು ಅಂಕ ಹಾಕಬೇಕಾದ ಪ್ರಸಂಗ ಬಂದರೆ, ಮೂರು ವರ್ಷ ಓದುವ ಹುಡುಗನ ಪ್ರಾಜೆಕ್ಟಿಗೆ ಮೂರು ಬೇರೆ ಬೇರೆ ಮೇಷ್ಟ್ರು ಸಿಕ್ಕರೆ, ನಷ್ಟ ಯಾರಿಗೆ? ವಿದ್ಯಾರ್ಥಿಗೆ ತಾನೆ? ಇನ್ನು ಖಾಯಂ ಆದ ನಮ್ಮಂಥವರೂ ಒಂದು ಪ್ರಶ್ನೆಯನ್ನು ನಮಗೇ ಕೇಳಿಕೊಳ್ಳಬೇಕು. ಸಮಾಜ ನಮಗೆ ನೆಲ ಕೊಟ್ಟದ್ದು ಬೀಳುಬಿಡಲಿಕ್ಕಲ್ಲವಲ್ಲ?

ಪಿಯುಸಿ, ಬಿ.ಎಸ್ಸಿ. ಓದುತ್ತ ಸಂಶೋಧನೆಯ ಕನಸು ಕಾಣುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪಿಎಚ್.ಡಿ. ಆದವರೆಲ್ಲ ಪ್ರಾಧ್ಯಾಪಕರಾಗುವುದಿಲ್ಲ; ಪ್ರಾಧ್ಯಾಪಕರಾದವರಿಗೆಲ್ಲ ಟೆನ್ಯೂರ್ ಸಿಗುವುದಿಲ್ಲ. ಆ ಗಡಿಯಾರ ಮೂವತ್ತರ ಆಸುಪಾಸಿನಲ್ಲಿ, ಮದುವೆ ಮಕ್ಕಳ ಕಾಲದಲ್ಲೇ ಓಡುತ್ತದೆ. ಮಗು ಹುಟ್ಟಿದರೆ ಗಡಿಯಾರವನ್ನು ಒಂದು ವರ್ಷ ನಿಲ್ಲಿಸುವ ಸೌಲಭ್ಯ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ. ಹೆಣ್ಣುಮಕ್ಕಳು ಅದನ್ನು ಕೇಳಿ ತಿಳಿದುಕೊಳ್ಳಬೇಕು. ವಿದೇಶಕ್ಕೆ ಹೋಗುವವರು ಮಾರ್ಗದರ್ಶಕರನ್ನು ಆರಿಸುವಾಗ ಅವರಿಗೆ ಟೆನ್ಯೂರ್ ಇದೆಯೇ ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ. ನಿಮ್ಮ ಪಿಎಚ್.ಡಿ. ಅರ್ಧದಲ್ಲಿರುವಾಗ ಗುರುವೇ ಊರು ಬಿಡಬೇಕಾಗಿ ಬಂದರೆ ಪೇಚಾಟ ನಿಮ್ಮದು. ಹಾಗೆಂದು ಕಿರಿಯ ಪ್ರಾಧ್ಯಾಪಕರನ್ನು ದೂರವಿಡಬೇಕಾಗಿಲ್ಲ. ಹುರುಪು ಅವರಲ್ಲೇ ಹೆಚ್ಚು. ತಿಳಿದು ಆರಿಸಿಕೊಳ್ಳಿ, ಅಷ್ಟೆ.

ಪೋಷಕರಿಗೆ ಒಂದು ಮಾತು. ಮಗುವನ್ನು ಕಾಲೇಜಿಗೆ ಸೇರಿಸುವ ಮುನ್ನ ಕಟ್ಟಡ, ಬಸ್ಸು, ಹಾಸ್ಟೆಲ್ಲು, ನೌಕರಿ ಕೊಡಿಸುವ ಭರವಸೆ ಎಲ್ಲವನ್ನೂ ಕೇಳುತ್ತೇವೆ. ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳೋಣ: ‘ನಿಮ್ಮ ಮೇಷ್ಟ್ರುಗಳಲ್ಲಿ ಎಷ್ಟು ಮಂದಿ ಖಾಯಂ? ಐದು ವರ್ಷದಿಂದ ಇಲ್ಲಿಯೇ ಇರುವವರು ಎಷ್ಟು ಮಂದಿ?’ ಈ ಪ್ರಶ್ನೆ ಮೇಷ್ಟ್ರ ಸಂಬಳದ ಪರವಾಗಿ ಕೇಳುವ ವಕಾಲತ್ತಲ್ಲ. ‘ನಿನ್ನ ಉತ್ತರ ತಪ್ಪು’ ಎಂದು ನಮ್ಮ ಮಗುವಿಗೂ, ‘ನಿಮ್ಮ ನಿರ್ಧಾರ ತಪ್ಪು’ ಎಂದು ಆಡಳಿತ ಮಂಡಳಿಗೂ ಅಂಜದೆ ಹೇಳಬಲ್ಲವರು ಆ ಕಾಲೇಜಿನಲ್ಲಿ ಇದ್ದಾರೆಯೇ ಎಂದು ತಿಳಿಯುವ ದಾರಿ ಅದು. ಹಣ ಕೊಟ್ಟು ನಾವು ಕೊಳ್ಳಲಾರದ, ಆದರೆ ನಮ್ಮ ಮಕ್ಕಳಿಗೆ ತಪ್ಪದೆ ಸಿಗಬೇಕಾದ ವಸ್ತು ಎಂದರೆ ಹೆದರದ ಗುರು.